ಬೆಕ್ಕಿಗೆ ಚಿಪ್ಸ್ ಕೊಡಬಹುದೇ? ಉಪ್ಪಿಗಿಂತ ಮೊದಲು ನೋಡಬೇಕಾದ್ದು ಮಸಾಲೆ

ಬೆಕ್ಕು ಸಾಕಿದವರು ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ತಲೆ ಕೆಡುವುದು ಖಂಡಿತ. ಒಂದು ಕಡೆ "ಚಿಪ್ಸ್ ಬೆಕ್ಕಿಗೆ ವಿಷ, ಕಿಡ್ನಿ ಹೋಗುತ್ತದೆ" ಅನ್ನುವ ಎಚ್ಚರಿಕೆ. ಇನ್ನೊಂದು ಕಡೆ, ಮನೆಯವರ ಕೈಯಿಂದ ಚಿಪ್ಸ್ ಕಿತ್ತುಕೊಂಡು ಕುರುಕುರು ತಿನ್ನುವ ಬೆಕ್ಕಿನ ವಿಡಿಯೋಗಳು. ಆ ಬೆಕ್ಕುಗಳು ಮರುದಿನವೂ ಆರಾಮಾಗಿ ಓಡಾಡಿಕೊಂಡಿರುತ್ತವೆ. ಅಮೆರಿಕದ ಪ್ರಾಣಿದಯಾ ಸಂಸ್ಥೆ ಎಎಸ್‌ಪಿಸಿಎ, ಸಾಕುಪ್ರಾಣಿಗಳಿಗೆ ಕೊಡಬಾರದ ತಿನಿಸುಗಳ ಪಟ್ಟಿಯಲ್ಲಿ ಉಪ್ಪು ಜಾಸ್ತಿ ಇರುವ ಕುರುಕಲುಗಳ ಜೊತೆ ಆಲೂಗಡ್ಡೆ ಚಿಪ್ಸ್ ಹೆಸರನ್ನೂ ಹೇಳುತ್ತದೆ. ಆದರೆ ಬೆಕ್ಕಿನ ಆಹಾರದ ಚೀಲವನ್ನೇ ತಿರುಗಿಸಿ ನೋಡಿದರೆ, ಎಷ್ಟೋ ಬ್ರ್ಯಾಂಡ್‌ಗಳ ಪದಾರ್ಥ ಪಟ್ಟಿಯಲ್ಲಿ ಆಲೂಗಡ್ಡೆ ಇರುತ್ತದೆ. ಯಾವುದನ್ನು ನಂಬಬೇಕು?

ಚಿಪ್ಸ್ ಅನ್ನುವುದು ಒಂದೇ ಪದಾರ್ಥ ಅಲ್ಲ, ಗೊಂದಲ ಇಲ್ಲಿಂದಲೇ ಶುರು. ಅದರಲ್ಲಿ ಆಲೂಗಡ್ಡೆ ಇದೆ, ಎಣ್ಣೆ ಇದೆ, ಉಪ್ಪು ಇದೆ, ಮೇಲೆ ಉದುರಿಸಿದ ಮಸಾಲೆ ಇದೆ. ಬೆಕ್ಕಿನ ದೇಹದಲ್ಲಿ ಈ ನಾಲ್ಕೂ ಬೇರೆ ಬೇರೆ ಕೆಲಸ ಮಾಡುತ್ತವೆ. ಒಂದರ ತಪ್ಪನ್ನು ಇನ್ನೊಂದರ ತಲೆಗೆ ಕಟ್ಟಿದರೆ ಹೆದರಬೇಕಾದ ಕಡೆ ಹೆದರುವುದಿಲ್ಲ, ಬೇಡದ ಕಡೆ ಹೆದರುತ್ತೇವೆ. ಹಾಗಾಗಿ ಒಂದೊಂದಾಗಿ ಬಿಡಿಸಿ ನೋಡೋಣ.

ಆಲೂಗಡ್ಡೆಯದೇನು ತಪ್ಪು?

ಚೆನ್ನಾಗಿ ಬೇಯಿಸಿದ ಆಲೂಗಡ್ಡೆ ಬೆಕ್ಕಿಗೆ ವಿಷ ಅಲ್ಲ. ಬೆಕ್ಕಿನ ಜೊಲ್ಲಿನಲ್ಲಿ ಪಿಷ್ಟ ಕರಗಿಸುವ ಅಮೈಲೇಸ್ ಇಲ್ಲ, ಮೇದೋಜೀರಕ ಗ್ರಂಥಿಯಿಂದ ಬರುವುದೂ ಕಡಿಮೆ. ಆದರೂ ಬೆಂದ ಪಿಷ್ಟವನ್ನು ಅದರ ಕರುಳು ಸಾಕಷ್ಟು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ. ಆಹಾರದ ಕಂಪನಿಗಳು ಆಲೂಗಡ್ಡೆ ಬಳಸಲು ಆಗುವುದೂ ಇದರಿಂದಲೇ.

ಹಸಿರು ತಿರುಗಿದ ಅಥವಾ ಮೊಳಕೆ ಬಂದ ಆಲೂಗಡ್ಡೆಯ ವಿಷಯ ಮಾತ್ರ ಬೇರೆ. ಅದರ ಸಿಪ್ಪೆಯಲ್ಲಿ, ಮೊಳಕೆಯಲ್ಲಿ ಸೋಲನೈನ್, ಚಾಕೊನೈನ್ ಎಂಬ ವಿಷಗಳು ಸೇರಿಕೊಂಡಿರುತ್ತವೆ. ಕರಿಯುವ ಎಣ್ಣೆಯ ಬಿಸಿ ಸಾಮಾನ್ಯವಾಗಿ 170ರಿಂದ 180 ಡಿಗ್ರಿ ಸೆಲ್ಸಿಯಸ್. ಆ ಬಿಸಿಗೆ ಈ ವಿಷ ಪೂರ್ತಿ ನಾಶವಾಗುವುದಿಲ್ಲ. ಸಿಪ್ಪೆ ದಪ್ಪಗೆ ಹೆರೆದು ತೆಗೆದರೆ ಬಹುಪಾಲು ಹೋಗುತ್ತದೆ. ಆದ್ದರಿಂದ ಈ ಲೆಕ್ಕದಲ್ಲಿ ಕರಿದ ಚಿಪ್ಸ್‌ಗಿಂತ ಅಡುಗೆಮನೆಯ ಕಸದ ಬುಟ್ಟಿಯಲ್ಲಿರುವ ಹಸಿರು ಸಿಪ್ಪೆ ಜಾಸ್ತಿ ಅಪಾಯ.

ಆಲೂಗಡ್ಡೆಯ ಹೆಸರು ಕೆಡಲು ಇನ್ನೊಂದು ಸುದ್ದಿಯೂ ಕಾರಣ. 2018ರ ಜುಲೈನಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಟಾಣಿ, ಬೇಳೆಕಾಳು, ಆಲೂಗಡ್ಡೆ ಜಾಸ್ತಿ ಇರುವ ಸಾಕುಪ್ರಾಣಿ ಆಹಾರಕ್ಕೂ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಪರಿಶೀಲಿಸುತ್ತಿರುವುದಾಗಿ ಹೇಳಿತು. ವರದಿಯಾದ ಪ್ರಕರಣಗಳಲ್ಲಿ ಬಹುತೇಕ ನಾಯಿಗಳೇ, ಬೆಕ್ಕುಗಳು ಕೆಲವೇ ಕೆಲವು. ಆ ಆಹಾರವೇ ಕಾರಣ ಎಂದು ಸಾಬೀತಾಗಲಿಲ್ಲ. ಅಷ್ಟಕ್ಕೂ ಅದು ತಿಂಗಳುಗಟ್ಟಲೆ ದಿನವೂ ತಿನ್ನುವ ಊಟದ ಪ್ರಶ್ನೆ. ಒಂದು ಚೂರು ಚಿಪ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಉಪ್ಪಿನ ಲೆಕ್ಕ ಹಾಕಿ ನೋಡಿ

ಎಲ್ಲರೂ ಮೊದಲು ಬೊಟ್ಟು ಮಾಡುವುದು ಉಪ್ಪಿನ ಕಡೆಗೆ. 100 ಗ್ರಾಂ ಚಿಪ್ಸ್‌ನಲ್ಲಿ ಹೆಚ್ಚುಕಡಿಮೆ ಒಂದೂವರೆ ಗ್ರಾಂ ಉಪ್ಪು ಇರುತ್ತದೆ. ಸೋಡಿಯಂ ಲೆಕ್ಕದಲ್ಲಿ 500ರಿಂದ 600 ಮಿಲಿಗ್ರಾಂ. ಒಂದು ಚಿಪ್ಸ್ ಎರಡು ಗ್ರಾಂ ತೂಗುತ್ತದೆ ಅಂದುಕೊಂಡರೆ ಅದರಲ್ಲಿರುವ ಸೋಡಿಯಂ ಸುಮಾರು 10ರಿಂದ 12 ಮಿಲಿಗ್ರಾಂ.

ನಾಲ್ಕು ಕೆಜಿಯ ಬೆಕ್ಕಿಗೆ ದಿನಕ್ಕೆ ಸುಮಾರು 40 ಮಿಲಿಗ್ರಾಂ ಸೋಡಿಯಂ ಬೇಕು. "ನಾಲ್ಕೇ ಚಿಪ್ಸ್‌ಗೆ ಇಡೀ ದಿನದ ಉಪ್ಪು ಮುಗಿಯಿತು" ಎಂಬ ಎಚ್ಚರಿಕೆ ಹುಟ್ಟುವುದು ಈ ಅಂಕಿಯಿಂದ. ಲೆಕ್ಕ ಸರಿ, ಅರ್ಥ ಮಾಡಿಕೊಂಡ ರೀತಿ ತಪ್ಪು. ಆ 40 ಮಿಲಿಗ್ರಾಂ ಬೆಕ್ಕಿಗೆ ಬೇಕೇಬೇಕಾದ ಪ್ರಮಾಣ. ಅದನ್ನು ದಾಟಿದರೆ ವಿಷ ಎಂಬ ಗೆರೆ ಅಲ್ಲ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಜಾಸ್ತಿ ಸೋಡಿಯಂ ಇರುತ್ತದೆ. ಕುಡಿಯಲು ನೀರಿದ್ದರೆ ಆರೋಗ್ಯವಂತ ಬೆಕ್ಕು ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಒಣ ಪ್ರದೇಶದ ಕಾಡುಬೆಕ್ಕಿನಿಂದ ಬಂದ ಪ್ರಾಣಿ ಅದು, ಮೂತ್ರವನ್ನು ಬಹಳ ಗಟ್ಟಿ ಮಾಡಬಲ್ಲ ಕಿಡ್ನಿ ಅದಕ್ಕಿದೆ.

ಹಾಗಾದರೆ ಉಪ್ಪು ವಿಷವಾಗುವುದು ಯಾವಾಗ? ನಾಯಿಗಳಲ್ಲಿ, ದೇಹತೂಕದ ಪ್ರತಿ ಕೆಜಿಗೆ ಎರಡು ಮೂರು ಗ್ರಾಂ ಉಪ್ಪು ಹೊಟ್ಟೆಗೆ ಹೋದಾಗ ವಿಷದ ಲಕ್ಷಣ ಶುರುವಾಗುತ್ತದೆ ಅನ್ನುತ್ತಾರೆ. ಬೆಕ್ಕಿಗೂ ಅದೇ ಅಳತೆ ಹಿಡಿಯೋಣ. ನಾಲ್ಕು ಕೆಜಿಯ ಬೆಕ್ಕಿಗೆ ಎಂಟು ಗ್ರಾಂ ಉಪ್ಪು ಬೇಕಾಯಿತು. ಅಂದರೆ ಅರ್ಧ ಕೆಜಿಗೂ ಜಾಸ್ತಿ ಚಿಪ್ಸ್. ಯಾವ ಬೆಕ್ಕೂ ಅಷ್ಟು ತಿನ್ನುವುದಿಲ್ಲ.

ಆದರೆ ಈ ಸಮಾಧಾನ ಆರೋಗ್ಯವಾಗಿರುವ ಬೆಕ್ಕಿಗೆ ಮಾತ್ರ. ಕಿಡ್ನಿ ಸೋತಿರುವ, ರಕ್ತದೊತ್ತಡ ಇರುವ ಅಥವಾ ಹೃದಯದ ಕಾಯಿಲೆ ಇರುವ ಬೆಕ್ಕಿಗೆ ವೈದ್ಯರು ಊಟವನ್ನೇ ಅಳೆದು ಕೊಟ್ಟಿರುತ್ತಾರೆ. ಅಂಥ ಬೆಕ್ಕಿಗೆ ಉಪ್ಪಿನ ಕುರುಕಲು ಬೇಡವೇ ಬೇಡ. ಇದರಲ್ಲಿ ಇನ್ನೊಂದು ಸಂಕಟ ಇದೆ. ಕಿಡ್ನಿ ಕಾಯಿಲೆ ವಯಸ್ಸಾದ ಬೆಕ್ಕುಗಳಲ್ಲಿ ಬಹಳ ಸಾಮಾನ್ಯ. ಕಿಡ್ನಿಯ ಸುಮಾರು ಮುಕ್ಕಾಲು ಭಾಗ ಕೆಲಸ ನಿಲ್ಲಿಸುವವರೆಗೂ ರಕ್ತಪರೀಕ್ಷೆಯ ಕ್ರಿಯಾಟಿನೈನ್ ಅಂಕಿ (ಕಿಡ್ನಿ ಹೊರಹಾಕಬೇಕಾದ ಕಲ್ಮಶದ ಅಳತೆ) ಏರದೇ ಇರಬಹುದು. ನಮ್ಮ ಬೆಕ್ಕು ಗಟ್ಟಿಮುಟ್ಟಾಗಿದೆ ಅಂತ ಮನೆಯವರು ಅಂದುಕೊಂಡಿರುತ್ತಾರೆ, ಒಳಗೆ ಕಾಯಿಲೆ ಅರ್ಧ ದಾರಿ ಬಂದಿರುತ್ತದೆ. ಹತ್ತು ವರ್ಷ ದಾಟಿದ ಬೆಕ್ಕಿನ ವಿಷಯದಲ್ಲಿ ಉಪ್ಪಿನ ಎಚ್ಚರಿಕೆಯನ್ನು ಹಾಗೇ ಒಪ್ಪಿಕೊಳ್ಳುವುದು ವಾಸಿ.

ಈರುಳ್ಳಿ ಪುಡಿ: ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ

ನಿಜವಾಗಿ ಹೆದರಬೇಕಾದ್ದು ಇದಕ್ಕೆ. ಸಾದಾ ಉಪ್ಪಿನ ಚಿಪ್ಸ್ ಬಿಟ್ಟು ಬೇರೆ ಯಾವ ರುಚಿಯ ಪ್ಯಾಕೆಟ್ ತೆಗೆದುಕೊಂಡರೂ ಅದರಲ್ಲಿ ಈರುಳ್ಳಿ ಪುಡಿಯೋ ಬೆಳ್ಳುಳ್ಳಿ ಪುಡಿಯೋ ಇರುವ ಸಾಧ್ಯತೆ ಬಹಳ. ಕ್ರೀಮ್ ಮತ್ತು ಈರುಳ್ಳಿ ಅಂತ ಹೆಸರಲ್ಲೇ ಹೇಳುವವು ಇವೆ. ಚೀಸ್, ಟೊಮ್ಯಾಟೊ, ಬಾರ್ಬೆಕ್ಯೂ, ಮಸಾಲಾ ಅಂತ ಬರೆದು ಹಿಂಬದಿಯಲ್ಲಿ ಈರುಳ್ಳಿ ಪುಡಿ ಸೇರಿಸಿದವೂ ಇವೆ. ಕೆಲವೊಮ್ಮೆ ಅದು "ಸೀಸನಿಂಗ್" ಅನ್ನುವ ಒಂದೇ ಪದದೊಳಗೆ ಅಡಗಿರುತ್ತದೆ.

ಈರುಳ್ಳಿ ಜಾತಿಯ ಗಡ್ಡೆಗಳಲ್ಲಿ ಗಂಧಕ ಇರುವ ಸಂಯುಕ್ತಗಳಿವೆ. ಹೆಚ್ಚುವಾಗ ಕಣ್ಣಲ್ಲಿ ನೀರು ಬರಿಸುವುದೂ ಇದೇ ಬಳಗದ್ದು. ಮನುಷ್ಯರಿಗೆ ಅದರಿಂದ ತೊಂದರೆ ಇಲ್ಲ. ಬೆಕ್ಕಿನ ಹೊಟ್ಟೆಗೆ ಹೋದರೆ ಅವು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ ಮೇಲೆ ದಾಳಿ ಮಾಡುತ್ತವೆ. ಬೆಕ್ಕಿಗೇ ಯಾಕೆ ಹೀಗೆ? ಹಿಮೋಗ್ಲೋಬಿನ್‌ನಲ್ಲಿ ಸುಲಭವಾಗಿ ಹಾಳಾಗುವ ಗಂಧಕದ ತಾಣಗಳಿರುತ್ತವೆ. ಮನುಷ್ಯರಲ್ಲಿ ಅಂಥವು ಎರಡು, ನಾಯಿಯಲ್ಲಿ ನಾಲ್ಕು, ಬೆಕ್ಕಿನಲ್ಲಿ ಎಂಟು. ಹಾಳಾದ ಹಿಮೋಗ್ಲೋಬಿನ್ ಗಂಟು ಕಟ್ಟಿಕೊಂಡು ಕಣದ ಅಂಚಿಗೆ ಅಂಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗಿನ ಕಣದ ಪಕ್ಕದಲ್ಲಿ ಸಣ್ಣ ಬೊಕ್ಕೆ ಎದ್ದಂತೆ ಕಾಣುತ್ತದೆ. ಇದಕ್ಕೆ ಹೈಂಜ್ ಕಾಯಗಳು ಅಂತ ಹೆಸರು. ಬೇರೆ ಪ್ರಾಣಿಗಳಲ್ಲಿ ಗುಲ್ಮ (ಸ್ಪ್ಲೀನ್) ಅಂಥ ಗಂಟುಗಳನ್ನು ಸೋಸಿ ತೆಗೆಯುತ್ತದೆ, ಬೆಕ್ಕಿನ ಗುಲ್ಮಕ್ಕೆ ಆ ಸಾಮರ್ಥ್ಯ ಕಡಿಮೆ. ಬೊಕ್ಕೆ ಎದ್ದ ಕಣಗಳು ಬೇಗ ಒಡೆಯುತ್ತವೆ. ಒಡೆಯುವ ವೇಗಕ್ಕೆ ಹೊಸ ಕಣ ಹುಟ್ಟದಿದ್ದರೆ ರಕ್ತಹೀನತೆ.

ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲುದು. ಅದರ ಹಿಂದೆಯೂ ಹಿಮೋಗ್ಲೋಬಿನ್‌ನ ಇದೇ ದೌರ್ಬಲ್ಯ ಇದೆ. ಬೆಕ್ಕಿಗೆ ಜ್ವರ ಅಂತ ಯಾರಾದರೂ ಮನೆಯ ಡಬ್ಬಿಗೆ ಕೈ ಹಾಕಿದರೆ ದಯವಿಟ್ಟು ತಡೆಯಿರಿ.

ಎಷ್ಟು ತಿಂದರೆ ಅಪಾಯ? ದೇಹತೂಕದ ಪ್ರತಿ ಕೆಜಿಗೆ ಐದು ಗ್ರಾಂ ಹಸಿ ಈರುಳ್ಳಿ ಹೋದರೆ ಬೆಕ್ಕಿನ ರಕ್ತದಲ್ಲಿ ಬದಲಾವಣೆ ಕಾಣುತ್ತದೆ. ನಾಲ್ಕು ಕೆಜಿಯ ಬೆಕ್ಕಿಗೆ 20 ಗ್ರಾಂ, ಅಂದರೆ ಸಣ್ಣ ಈರುಳ್ಳಿಯ ಒಂದು ಭಾಗ. ಹಸಿ ಈರುಳ್ಳಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ನೀರು ಹೋಗಿ ಪುಡಿಯಾದಾಗ ಅದೇ 20 ಗ್ರಾಂ ಎರಡು ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಒಣಗಿಸಿದರೂ ಕರಿದರೂ ವಿಷ ಹೋಗುವುದಿಲ್ಲ. ಬೆಳ್ಳುಳ್ಳಿ ಇದಕ್ಕಿಂತ ಕೆಲವು ಪಟ್ಟು ತೀಕ್ಷ್ಣ.

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಮಸಾಲೆ ಹಚ್ಚಿದ ಒಂದು ಚಿಪ್ಸ್‌ನಲ್ಲಿ ಎರಡು ಗ್ರಾಂ ಈರುಳ್ಳಿ ಪುಡಿ ಇರಲು ಸಾಧ್ಯವೇ ಇಲ್ಲ. ಇಡೀ ಚಿಪ್ಸ್ ತೂಕವೇ ಅಷ್ಟು. ಒಂದು ತುಂಡು ನೆಕ್ಕಿದ ಬೆಕ್ಕು ಅದರಿಂದ ಸಾಯುವುದಿಲ್ಲ. ಅಪಾಯ ಇರುವುದು ಅಭ್ಯಾಸದಲ್ಲಿ. ಇದಕ್ಕೆ ಒಳ್ಳೆಯ ಉದಾಹರಣೆ ಬೇರೊಂದು ತಿನಿಸಿನಿಂದ ಸಿಕ್ಕಿದೆ. ಕಾಯಿಲೆ ಬಿದ್ದು ಊಟ ಬಿಟ್ಟ ಬೆಕ್ಕುಗಳಿಗೆ ಮಕ್ಕಳಿಗೆಂದು ಮಾಡಿದ ಮಾಂಸದ ಬೇಬಿ ಫುಡ್ ತಿನ್ನಿಸುವ ರೂಢಿ ಇತ್ತು. ಅದರಲ್ಲಿ ರುಚಿಗೆ ಚೂರು ಈರುಳ್ಳಿ ಪುಡಿ ಹಾಕಿರುತ್ತಿದ್ದರು. ಹಾಗೆ ತಿಂದ ಬೆಕ್ಕುಗಳ ರಕ್ತದಲ್ಲಿ ಹೈಂಜ್ ಕಾಯಗಳು ಕಾಣಿಸಿಕೊಂಡವು. 1990ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿಯೇ ಖಚಿತಪಡಿಸಿಕೊಂಡರು. ಯಾರೂ ಬೆಕ್ಕಿಗೆ ಈರುಳ್ಳಿ ತಿನ್ನಿಸಿರಲಿಲ್ಲ. ದಿನಾ ಚೂರು ಚೂರು ಹೋಗಿದ್ದೇ ಸಾಕಾಯಿತು.

ಬೆಕ್ಕಿನ ಕೆಂಪು ರಕ್ತಕಣ ಬದುಕುವುದು ಎಪ್ಪತ್ತು ದಿನಗಳ ಆಸುಪಾಸು. ಇವತ್ತು ಆದ ಹಾನಿಯ ಮೇಲೆ ನಾಳೆಯ ಹಾನಿ ಸೇರುತ್ತಾ ಹೋಗುತ್ತದೆ. ದಿನಾ ಸಂಜೆ ಟಿವಿ ಮುಂದೆ ಕೂತು ಮಸಾಲೆ ಚಿಪ್ಸ್ ಹಂಚಿಕೊಳ್ಳುವ ಮನೆಯಲ್ಲಿ ಚಿಂತೆ ಮಾಡಬೇಕಾದ್ದು ಈ ಲೆಕ್ಕವನ್ನು.

ಎಣ್ಣೆ, ಅಕ್ರಿಲಮೈಡ್

ಚಿಪ್ಸ್‌ನ ತೂಕದಲ್ಲಿ ಮೂರನೇ ಒಂದು ಪಾಲು ಎಣ್ಣೆ. ಕೊಬ್ಬು ಜಾಸ್ತಿಯಾದರೆ ಮೇದೋಜೀರಕ ಗ್ರಂಥಿ ಉರಿಯುತ್ತದೆ ಅನ್ನುವ ಎಚ್ಚರಿಕೆ ಬೆಕ್ಕಿನ ಬಗ್ಗೆಯೂ ಬರುತ್ತದೆ, ಆದರೆ ಅದು ಮುಖ್ಯವಾಗಿ ನಾಯಿಗಳ ಕಥೆ. ಬೆಕ್ಕಿನಲ್ಲಿ ಆ ನಂಟು ಅಷ್ಟು ಗಟ್ಟಿಯಾಗಿಲ್ಲ. ಒಂದೇ ಸಲ ಜಾಸ್ತಿ ಎಣ್ಣೆ ಹೋದರೆ ವಾಂತಿ, ಭೇದಿ ಆಗಬಹುದು, ಅಷ್ಟು ನಿಜ.

ಅಕ್ರಿಲಮೈಡ್ ಹೆಸರು ಸುದ್ದಿಗೆ ಬಂದದ್ದು 2002ರಲ್ಲಿ. ಪಿಷ್ಟ ಇರುವ ಆಹಾರವನ್ನು 120 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಕರಿದಾಗ, ಸುಟ್ಟಾಗ ಈ ರಾಸಾಯನಿಕ ಹುಟ್ಟುತ್ತದೆ ಎಂದು ಸ್ವೀಡನ್ನಿನ ಆಹಾರ ಪ್ರಾಧಿಕಾರ ಆಗ ಪ್ರಕಟಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಸಾಲಿಗೆ ಅದು 1994ರಲ್ಲೇ ಸೇರಿತ್ತು. ಇದು ವರ್ಷಗಟ್ಟಲೆ ತಿನ್ನುವವರ ಚಿಂತೆ. ಆಗೊಮ್ಮೆ ಈಗೊಮ್ಮೆ ಒಂದು ತುಂಡು ಕದ್ದು ತಿಂದ ಬೆಕ್ಕಿನ ಮಟ್ಟಿಗೆ ಇದನ್ನು ಮುಂದೆ ಮಾಡುವುದು ಸುಮ್ನೆ ಹೆದರಿಸಿದಂತೆ.

ಒಂದು ಚಿಪ್ಸ್, ಹತ್ತು ಕ್ಯಾಲರಿ

ಹತ್ತು ಕ್ಯಾಲರಿ ಅಂದರೆ ನಮಗೆ ಏನೂ ಅಲ್ಲ. ಆದರೆ ನಾಲ್ಕು ಕೆಜಿಯ ಮನೆಬೆಕ್ಕಿಗೆ ಇಡೀ ದಿನಕ್ಕೆ ಬೇಕಾದ್ದು 200ರಿಂದ 250 ಕ್ಯಾಲರಿ. ಊಟ ಬಿಟ್ಟು ಕೊಡುವ ತಿನಿಸೆಲ್ಲ ಸೇರಿ ಅದರ ಹತ್ತನೇ ಒಂದು ಭಾಗ ದಾಟಬಾರದು ಅನ್ನುವುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಾತು. ಎರಡು ಚಿಪ್ಸ್‌ಗೆ ಅದು ಮುಗಿದುಹೋಯಿತು. ಐದು ತಿಂದರೆ ದಿನದ ಊಟದ ಕಾಲು ಭಾಗ. ಮನುಷ್ಯರ ಲೆಕ್ಕಕ್ಕೆ ತಂದರೆ ಊಟದ ಮೇಲೆ ಇನ್ನೂ 500 ಕ್ಯಾಲರಿ ತಿಂದಂತೆ.

ಇದರಿಂದ ಎರಡರಲ್ಲಿ ಒಂದು ಆಗುತ್ತದೆ. ಬೆಕ್ಕು ತನ್ನ ಊಟವನ್ನೂ ತಿಂದು ದಪ್ಪಗಾಗುತ್ತದೆ. ದಪ್ಪಗಾದ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಹಲವು ಪಟ್ಟು ಜಾಸ್ತಿ. ಇಲ್ಲವೇ ಹೊಟ್ಟೆ ತುಂಬಿ ಊಟ ಬಿಡುತ್ತದೆ, ಬೇಕಾದ್ದು ತಪ್ಪಿಹೋಗುತ್ತದೆ. ಬೆಕ್ಕಿಗೆ ಟಾರಿನ್ ಎಂಬ ಪದಾರ್ಥ ಊಟದಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಹೃದಯ ಹಿಗ್ಗುತ್ತದೆ ಎಂದು 1987ರಲ್ಲಿ ಗೊತ್ತಾದ ಮೇಲೆ ಕಂಪನಿಗಳು ತಮ್ಮ ಆಹಾರದಲ್ಲಿ ಟಾರಿನ್ ಹೆಚ್ಚಿಸಿದವು. ಚಿಪ್ಸ್‌ನಲ್ಲಿ ಅದು ಇಲ್ಲ. ತರಕಾರಿಯ ಹಳದಿ ಬಣ್ಣದಿಂದ ವಿಟಮಿನ್ ಎ ಮಾಡಿಕೊಳ್ಳುವುದು ನಮಗೆ ಸಾಧ್ಯ, ಬೆಕ್ಕಿಗೆ ಅದೂ ಆಗುವುದಿಲ್ಲ.

ಹಾಗಾದ್ರೆ ಅದು ಕೇಳೋದ್ಯಾಕೆ?

ಬೇಡದ್ದನ್ನು ಪ್ರಾಣಿ ತಾನಾಗಿ ತಿನ್ನುವುದಿಲ್ಲ ಅಲ್ವಾ ಅಂತ ಎಷ್ಟೋ ಜನ ನಂಬಿದ್ದಾರೆ. ಚಿಪ್ಸ್ ವಿಷಯದಲ್ಲಿ ಈ ನಂಬಿಕೆ ಕೈ ಕೊಡುತ್ತದೆ. ಬೆಕ್ಕಿಗೆ ಸಿಹಿ ಗೊತ್ತಾಗುವುದೇ ಇಲ್ಲ. ಸಿಹಿಯನ್ನು ಗುರುತಿಸುವ ಜೀನ್ ಅದರಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ತಿಳಿಯಿತು. ಆದರೆ ಮಾಂಸದ, ಮೀನಿನ ಗಾಢ ರುಚಿ, ಅಂದರೆ ಉಮಾಮಿ, ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಮಾಂಸ, ಮೀನಿನಲ್ಲಿ ಸಿಗುವ ನ್ಯೂಕ್ಲಿಯೊಟೈಡ್‌ಗಳಿಗೆ ಬೆಕ್ಕಿನ ನಾಲಿಗೆ ಬೇಗ ಸ್ಪಂದಿಸುತ್ತದೆ.

ಈಗ ಮಸಾಲೆ ಚಿಪ್ಸ್ ಪ್ಯಾಕೆಟ್ ತಿರುಗಿಸಿ ನೋಡಿ. ಫ್ಲೇವರ್ ಎನ್‌ಹಾನ್ಸರ್ ಅಂತ ಬರೆದು ಪಕ್ಕದಲ್ಲಿ 627, 631 ಅನ್ನುವ ಸಂಖ್ಯೆಗಳು ಸಿಗಬಹುದು. ಅವು ಅದೇ ನ್ಯೂಕ್ಲಿಯೊಟೈಡ್‌ಗಳಿಂದ ಮಾಡಿದ ಲವಣಗಳು. ಮೇಲೆ ಕೊಬ್ಬಿನ ವಾಸನೆ ಬೇರೆ. ಬೆಕ್ಕಿಗೆ ಅದು ಬೇಟೆಯ ರುಚಿಯಂತೆ ಅನ್ನಿಸಿದರೆ ಆಶ್ಚರ್ಯ ಏನಿಲ್ಲ. ಪಾಪ, ಅದರ ನಾಲಿಗೆ ಮೋಸ ಹೋಗಿರುತ್ತದೆ. ಹೀಗೆ ರುಚಿಸುವ ಮಸಾಲೆಯಲ್ಲೇ ಈರುಳ್ಳಿ ಪುಡಿಯೂ ಇರುವ ಸಾಧ್ಯತೆ ಜಾಸ್ತಿ ಅನ್ನುವುದು ಇದರ ಕೆಟ್ಟ ಭಾಗ.

ವೈದ್ಯರೂ ಎರಡು ಥರ ಹೇಳೋದ್ಯಾಕೆ?

"ಒಂದು ತುಂಡೂ ಕೊಡಬೇಡಿ" ಅನ್ನುವವರಿದ್ದಾರೆ. "ಸಾದಾ ಚಿಪ್ಸ್ ಒಂದು ಚೂರು ತಿಂದರೆ ಏನೂ ಆಗಲ್ಲ" ಅನ್ನುವವರೂ ಇದ್ದಾರೆ. ಇಬ್ಬರೂ ಓದಿದ್ದು ಒಂದೇ ವಿಜ್ಞಾನ. ಮೊದಲನೆಯವರು ಉತ್ತರಿಸುತ್ತಿರುವುದು ಕೊಡಬಹುದೇ ಎಂಬ ಪ್ರಶ್ನೆಗೆ. ಎರಡನೆಯವರು ಉತ್ತರಿಸುತ್ತಿರುವುದು, ತಿಂದುಬಿಟ್ಟಿದೆ ಈಗ ಏನಾಗುತ್ತದೆ ಎಂಬ ಪ್ರಶ್ನೆಗೆ. ಒಂದು ಕೊಡಬಹುದು ಅಂದರೆ ಅದು ಎಷ್ಟೋ ಮನೆಗಳಲ್ಲಿ ಒಂದಕ್ಕೆ ನಿಲ್ಲುವುದಿಲ್ಲ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ ಒಂದೊಂದು ಕೊಡುತ್ತಾರೆ, ಇವತ್ತು ಸಾದಾ, ನಾಳೆ ಮಸಾಲೆ. ಹಾಗಾಗಿ ಕೊಡುವ ವಿಷಯದಲ್ಲಿ ಮೊದಲನೆಯವರ ಮಾತೇ ಸರಿ. ಆಕಸ್ಮಿಕವಾಗಿ ತಿಂದಾಗ ಗಾಬರಿಯಾಗದಿರಲು ಎರಡನೆಯವರ ಮಾತು ಬೇಕು. ಬೆಕ್ಕಿಗೆ ಹಂಚಲೇಬೇಕು ಅನ್ನಿಸಿದರೆ ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿಮಾಂಸದ ಒಂದು ಎಳೆ ಸಾಕು. ಅದಕ್ಕೆ ಬೇಕಿದ್ದದ್ದೂ ಆ ರುಚಿಯೇ.

ಫ್ರೆಂಚ್ ಫ್ರೈಸ್‌ಗೂ ಇದೇ ಮಾತು. ಅದರಲ್ಲಿ ಎಣ್ಣೆ ಸ್ವಲ್ಪ ಕಡಿಮೆ, ಆದರೆ ಜೊತೆಗಿರುವ ಕೆಚಪ್, ಡಿಪ್‌ಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ. ತಟ್ಟೆ ನೆಕ್ಕಲು ಬಿಡಬೇಡಿ.

ಖಾಲಿ ಪ್ಯಾಕೆಟ್

ತಿಂಡಿಯ ಮಾತಾಡುತ್ತಾ ಇದನ್ನು ಮರೆಯುತ್ತೇವೆ. ತಳದ ಪುಡಿ ನೆಕ್ಕಲು ಬೆಕ್ಕು ತಲೆಯನ್ನು ಒಳಗೆ ತೂರಿಸುತ್ತದೆ. ಉಸಿರು ಎಳೆದಂತೆ ಪ್ಲಾಸ್ಟಿಕ್ ಮೂತಿಗೆ ಅಂಟುತ್ತದೆ. ಹೆದರಿ ಹಿಂದೆ ಹಿಂದೆ ಓಡುತ್ತದೆ, ಪ್ಯಾಕೆಟ್ ಕಳಚುವುದಿಲ್ಲ. ಸಾಕುಪ್ರಾಣಿಗಳು ಹೀಗೆ ಉಸಿರುಕಟ್ಟಿ ಸತ್ತದ್ದಿದೆ. ಪ್ಲಾಸ್ಟಿಕ್ ಅಗಿದು ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ, ಆಪರೇಷನ್ ಮಾಡಬೇಕಾಗಬಹುದು. ಬಿಸಾಡುವ ಮೊದಲು ಪ್ಯಾಕೆಟ್ಟನ್ನು ಎರಡೂ ಕಡೆ ಸೀಳಿ ಬಿಡಿಸಿ, ಮುಚ್ಚಳ ಇರುವ ಬುಟ್ಟಿಗೆ ಹಾಕಿ.

ತಿಂದುಬಿಟ್ಟರೆ

ಮೊದಲು ಪ್ಯಾಕೆಟ್ ಹುಡುಕಿ, ಹಿಂಬದಿ ಓದಿ. ಸಾದಾ ಉಪ್ಪಿನದು, ಒಂದೆರಡು ತುಂಡು, ಬೆಕ್ಕು ಆರೋಗ್ಯವಾಗಿದೆ ಅಂದರೆ ಶುದ್ಧ ನೀರು ಇಟ್ಟು ಗಮನಿಸಿದರೆ ಸಾಕು. ಜಾಸ್ತಿ ನೀರು ಕುಡಿಯಬಹುದು, ಒಂದು ಸಲ ವಾಂತಿ ಮಾಡಬಹುದು.

ಈರುಳ್ಳಿ ಅಥವಾ ಬೆಳ್ಳುಳ್ಳಿ ಪುಡಿ ಇರುವುದನ್ನು ಒಂದೆರಡು ತುಂಡಿಗಿಂತ ಜಾಸ್ತಿ ತಿಂದಿದ್ದರೆ, ಬೆಕ್ಕು ಮರಿಯಾಗಿದ್ದರೆ, ಇಲ್ಲವೇ ಮೊದಲೇ ಕಾಯಿಲೆ ಇದ್ದರೆ ಅದೇ ದಿನ ಪಶುವೈದ್ಯರಿಗೆ ಫೋನ್ ಮಾಡಿ. ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪುನೀರು ಕುಡಿಸುವುದು ಚಿಪ್ಸ್‌ಗಿಂತ ದೊಡ್ಡ ಅಪಾಯ. ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಹೊಟ್ಟೆಯ ಒಳಪದರವನ್ನೇ ಸುಡುತ್ತದೆ.

ಈರುಳ್ಳಿಯ ಹಾನಿ ತಿಂದ ತಕ್ಷಣ ಕಾಣಿಸುವುದಿಲ್ಲ. ಒಂದರಿಂದ ಐದು ದಿನ ಬೇಕು. ಮೊದಲ ರಾತ್ರಿ ಚೆನ್ನಾಗಿಯೇ ಇತ್ತು ಅಂತ ಮರೆತುಬಿಡುವುದು ಇದರಿಂದಲೇ. ದಿನಕ್ಕೊಂದು ಸಲ ಬೆಕ್ಕಿನ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ಒಸಡು ನೋಡಿ. ನಸುಗೆಂಪು ಇದ್ದದ್ದು ಬಿಳಿಚಿಕೊಂಡಿದ್ದರೆ ಅಥವಾ ಹಳದಿ ತಿರುಗಿದ್ದರೆ ಕಾಯಬೇಡಿ. ಮೂತ್ರ ಕಂದುಗೆಂಪಾಗುವುದು, ಕೂತಲ್ಲೇ ಏದುಸಿರು ಬಿಡುವುದು, ಕರೆದರೂ ಏಳದೆ ಮೂಲೆ ಹಿಡಿಯುವುದು ಕೂಡ ಅದೇ ಸೂಚನೆ. ವಾಂತಿಯ ನಂತರ ಇಡೀ ಒಂದು ದಿನ ಏನೂ ತಿನ್ನದಿದ್ದರೂ ತೋರಿಸಿ. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಅದೇ ಬೇರೆ ಕಾಯಿಲೆಯಾಗುತ್ತದೆ, ದಪ್ಪ ಬೆಕ್ಕಿನಲ್ಲಂತೂ ಇನ್ನೂ ಬೇಗ.

ವೈದ್ಯರ ಬಳಿ ಹೋಗುವಾಗ ಆ ಖಾಲಿ ಪ್ಯಾಕೆಟ್ ಕೈಯಲ್ಲಿರಲಿ. ಹರಿದಿದ್ದರೂ ಪರವಾಗಿಲ್ಲ, ಪದಾರ್ಥಗಳ ಪಟ್ಟಿ ಓದಲು ಬಂದರೆ ಸಾಕು.